ಮುರಿದ ಕೀಲಿಯ ಭಾನುವಾರ

ಪಾಸ್ಟರ್ ಪುಕ್ಕಲ ಎಂಬುದು ಅವನ ಅಕ್ಕನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಪೀಠದ ಮುಂದೆ ನಿಂತರೆ ಸಿಂಹದ ಗವಿಗೆ ಒಬ್ಬನೇ ನುಗ್ಗುವವನಂತೆ ಗುಡುಗುತ್ತಿದ್ದ. ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತುತ್ತಿದ್ದ. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಒಂದೇ ಮನೆಯಲ್ಲಿದ್ದರು. ಅಕ್ಕನದು ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ಕತ್ತರಿಗಿಂತ ಅವಳ ಬಾಯಿ ಹರಿತ. ದೇವರಲ್ಲಿ ನಂಬಿಕೆ ಇದೆಯೇ ಎಂದು ಯಾರಾದರೂ ಕೇಳಿದರೆ, "ದೇವರ ಮೇಲಿದೆ, ಅವನ ಸಿಬ್ಬಂದಿ ಮೇಲಿಲ್ಲ" ಎನ್ನುತ್ತಿದ್ದಳು. ಆದರೂ ಪ್ರತಿ ಭಾನುವಾರ ಹಿಂದಿನ ಸಾಲಿನಲ್ಲಿ ತಪ್ಪದೆ ಕೂರುತ್ತಿದ್ದಳು. ತಮ್ಮನ ಉಪದೇಶ, ಅವನ ಮಾತಿನಲ್ಲಿ ಪ್ರಸಂಗ, ಉದ್ದವಾದರೆ ಆಕಳಿಸಿ ಎಚ್ಚರಿಸಲು ಯಾರಾದರೂ ಬೇಕಲ್ಲ.

ಸಭೆ ಸೇರುತ್ತಿದ್ದದ್ದು ಒಂದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಬಟ್ಟೆ ಒಗೆಯುವ ಯಂತ್ರಗಳು ಜೋರಾಗಿ ತಿರುಗಿದಾಗ ಮೇಲೆ ಕುರ್ಚಿಗಳು ನಡುಗುತ್ತಿದ್ದವು. ಹೊಸದಾಗಿ ಬಂದ ಕೆಲವರು ಅದನ್ನು ಪವಿತ್ರಾತ್ಮನೇ ಇಳಿದು ಬಂದನೆಂದು ತಿಳಿದು ಕಣ್ಣೀರಿಟ್ಟದ್ದೂ ಉಂಟು. ಪಾಸ್ಟರ್ ಅವರನ್ನು ತಿದ್ದಲು ಹೋಗುತ್ತಿರಲಿಲ್ಲ.

ಆ ವರ್ಷ ಊರಿಗೇ ಏನೋ ಬಡಿದಂತಿತ್ತು. ಕೇಬಲ್ ಕಾರ್ಖಾನೆ ಅರ್ಧದಷ್ಟು ಜನರನ್ನು ಮನೆಗೆ ಕಳಿಸಿತ್ತು. ಭಾನುವಾರವೂ ಓಡುತ್ತಿದ್ದ ಲಾಂಡ್ರಿ ಗಿರಾಕಿಗಳಿಲ್ಲದೆ ಈಗ ಭಾನುವಾರ ಮುಚ್ಚತೊಡಗಿತು. ಫೋನು ತೆರೆದರೆ ಸಾಕು, ಹುಷಾರು, ಹುಷಾರು ಎಂಬ ಸಂದೇಶಗಳು. ಯಾರಿಂದ ಹುಷಾರಾಗಿರಬೇಕೆಂದು ಮಾತ್ರ ಒಂದರಲ್ಲೂ ಇರುತ್ತಿರಲಿಲ್ಲ. ಇದರ ನಡುವೆ ಒಂದು ಬುಧವಾರ ಪ್ರಾರ್ಥನಾಲಯದ ಕಿಟಕಿ ಒಡೆದು ಕಲ್ಲೊಂದು ಒಳಗೆ ಬಿತ್ತು. ಕಲ್ಲಿಗೆ ಚೀಟಿಯೇನೂ ಕಟ್ಟಿರಲಿಲ್ಲ. ಕಟ್ಟಿದ್ದರೆ ಯಾರ ಕೋಪ, ಯಾಕೆ ಕೋಪ ಎಂದಾದರೂ ತಿಳಿಯುತ್ತಿತ್ತು. ಬರೀ ಕಲ್ಲಾದ್ದರಿಂದ ಪ್ರತಿಯೊಬ್ಬರೂ ತಮ್ಮ ತಮ್ಮ ಶತ್ರುವನ್ನು ಅದಕ್ಕೆ ಕಟ್ಟಿಕೊಂಡರು. ಕೆಲವರಿಗೆ ಅದು ತಮ್ಮ ಧರ್ಮ ಕಂಡರಾಗದವರ ಕೆಲಸ, ಕೆಲವರಿಗೆ ಕೆಲಸ ಹೋದವರ ಹೊಟ್ಟೆಯುರಿ. ಮುಂದಿನ ಭಾನುವಾರ ಅರ್ಧ ಕುರ್ಚಿ ಖಾಲಿ. ಅದರ ಮುಂದಿನ ಭಾನುವಾರ ಇನ್ನೂ ಖಾಲಿ. ಬಂದವರೂ ಆಮೆನ್ ಎನ್ನುವ ಮೊದಲೇ ಚಪ್ಪಲಿ ಮೆಟ್ಟಿರುತ್ತಿದ್ದರು.

ಆಗ ಮುಂದೆ ಬಂದವರು ಲಾಕರ್ ಮಾವ. ಸಭೆಯ ಹಿರಿಯರು. ಬ್ಯಾಂಕಿನ ಭದ್ರತಾ ಕೋಣೆಯ ಉಸ್ತುವಾರಿಯಲ್ಲೇ ತಲೆ ನೆರೆದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು.

"ಭಯಕ್ಕೆ ಮದ್ದು ಬಾಗಿಲು," ಎಂದರು ಅವರು.

"ಪ್ರಾರ್ಥನೆ ಅಲ್ವಾ ಮಾವ?" ಎಂದಳು ಅಕ್ಕ.

"ಪ್ರಾರ್ಥನೆ ಬಾಗಿಲು ಹಾಕ್ಕೊಂಡ ಮೇಲಮ್ಮ."

ಹಾಗೆ ಉಕ್ಕಿನ ಬಾಗಿಲು ಬಂತು. ಒಳಗಿನಿಂದಲೂ ಹೊರಗಿನಿಂದಲೂ ಕೀಲಿ ಹಾಕಿಯೇ ತೆಗೆಯಬೇಕು. ಕಣ್ಣಿನ ಮಟ್ಟದಲ್ಲಿ ಸರಿಸುವ ಒಂದು ಕಿಂಡಿ, ಅಂಗೈ ತೂರುವಷ್ಟು ಅಗಲ. ಕಿಟಕಿಗಳಿಗೆಲ್ಲ ದಪ್ಪ ಸರಳು. ಶೌಚಾಲಯ ಹೊರಗೆ ಮೆಟ್ಟಿಲ ಪಕ್ಕ ಇತ್ತು. ಅದು ಬಾಗಿಲಿನ ಆಚೆಗೆ ಉಳಿಯಿತು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಬಾಗಿಲಿನ ಮೊದಲ ಭಾನುವಾರವೇ ಒಂದು ದೀಕ್ಷಾಸ್ನಾನವೂ ಇತ್ತು. ಸರ್ಕಾರಿ ಆಸ್ಪತ್ರೆಯ ಒಬ್ಬ ನರ್ಸ್ ಬಹಳ ತಿಂಗಳು ಹಿಂದೆ ಮುಂದೆ ನೋಡಿ ಕಡೆಗೂ ಒಪ್ಪಿದ್ದಳು. ಮುಳುಗಿಸಲೆಂದು ನೀಲಿ ತೊಟ್ಟಿಯನ್ನು ತೊಳೆದು ಕಂಠಮಟ್ಟ ನೀರು ತುಂಬಿಸಿದ್ದರು. ಬಾಗಿಲಲ್ಲಿ ಲಾಕರ್ ಮಾವ ಕೀಲಿ ಹಿಡಿದು ನಿಂತು ಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಬಿಡುತ್ತಿದ್ದರು, ಇಪ್ಪತ್ತು ವರ್ಷದಿಂದ ಬರುತ್ತಿದ್ದ ಟೀಚರಮ್ಮನನ್ನೂ ಹೆಸರು ಕೇಳಿ.

ಹಾಡು ಶುರುವಾಗುವ ಹೊತ್ತಿಗೆ ಯಾರಿಗೂ ಪರಿಚಯವಿಲ್ಲದ ಒಬ್ಬ ಗಂಡಸು ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಉಬ್ಬಿದ ದೊಡ್ಡ ಚೀಲ.

"ಯಾರು ನೀವು? ಎಲ್ಲಿರೋದು? ಏನು ಕೆಲಸ? ಯಾರು ಕಳಿಸಿದ್ರು?" ಮಾವ ಒಂದೇ ಉಸಿರಿಗೆ ಕೇಳಿದರು.

ಆತ ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟ. ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಇದ್ದಾನೆ. ಸದ್ಯ ಕೆಲಸ ಇಲ್ಲ. ಯಾರೂ ಕಳಿಸಿಲ್ಲ. "ಕೆಳಗೆ ಮುಚ್ಚಿತ್ತು ಸಾರ್. ಮೇಲೆ ಹಾಡು ಕೇಳಿಸ್ತು. ಬಂದೆ."

ಇದರಲ್ಲಿ ದೇವರದೇ ಏನೋ ಗೂಢಾರ್ಥ ಇದೆ ಅನ್ನಿಸಿ ಮಾವ ಅವನನ್ನು ಒಳಗೆ ಬಿಟ್ಟರು. ಚೀಲದ ಮೇಲೆ ಮಾತ್ರ ಒಂದು ಕಣ್ಣಿಟ್ಟರು. ಆಮೇಲೆ ಎಲ್ಲರಿಗೂ ಕೇಳಿಸುವಂತೆ ಬಾಗಿಲೆಳೆದು ಕೀಲಿ ತಿರುಗಿಸಿದರು. ಗಟಕ್ ಎಂದಿತು. ಸಭೆ ಹಾಯಾಗಿ ಉಸಿರುಬಿಟ್ಟಿತು.

ಎರಡನೆಯ ಹಾಡಿನ ಮಧ್ಯೆ ಹೊರಗಿನಿಂದ ಬಾಗಿಲು ಬಡಿದ ಸದ್ದು. ಹಾಡು ಅಲ್ಲಿಗೇ ನಿಂತಿತು. ಕಿಂಡಿಯಲ್ಲಿ ನೋಡಿದರೆ ನರ್ಸ್. ತನ್ನದೇ ದೀಕ್ಷಾಸ್ನಾನಕ್ಕೆ ತಡವಾಗಿ ಬಂದಿದ್ದಳು. ಗಾಬರಿಯಲ್ಲಿ ಮಾವ ಕೀಲಿ ತೂರಿಸಿ ತಿರುಗಿಸಿದ್ದು ಜಾಸ್ತಿಯಾಯಿತು. ಕೀಲಿಯ ತಲೆ ಅವರ ಕೈಯಲ್ಲಿ ಉಳಿಯಿತು, ಮುಂಡ ಬೀಗದೊಳಗೆ ಉಳಿಯಿತು.

"ಇನ್ನೊಂದು ಕೀಲಿ ಎಲ್ಲಿ?" ಎಂದ ಪಾಸ್ಟರ್.

"ಇದೆ. ಆದ್ರೆ ಮುರಿದದ್ದು ಒಳಗೆ ಕೂತಿದೆಯಲ್ಲಪ್ಪ, ಅದನ್ನ ಹಾಕೋದೆಲ್ಲಿ?"

ಬಾಗಿಲು ಕೂರಿಸಿದವನಿಗೆ ಫೋನ್ ಮಾಡಿದರು. ಅವನು ಬೇರೆ ಊರಿನಲ್ಲಿದ್ದ, ಸಂಜೆಯೊಳಗೆ ಬರುತ್ತೇನೆಂದ. ಅಲ್ಲಿಯವರೆಗೆ ಒಡೆಯೋಣವೇ ಎಂದು ಕೇಳಿದ್ದಕ್ಕೆ ಅವನಿಗೆ ನಗು ಬಂತು. "ಒಡೆಯೋಕಾಗಲ್ಲ ಅಂತಾನೇ ಅಲ್ವಾ ಸಾರ್ ನೀವು ತಗೊಂಡಿದ್ದು?" ಅಗ್ನಿಶಾಮಕದವರು ಬೆಂಕಿ ಇದೆಯೇ, ಹೊಗೆ ಇದೆಯೇ, ಯಾರಾದರೂ ಸಾಯುತ್ತಿದ್ದಾರೆಯೇ ಎಂದು ವಿಚಾರಿಸಿ, ಯಾವುದೂ ಇಲ್ಲವೆಂದ ಮೇಲೆ, ಹಾಗಾದರೆ ಪ್ರಾರ್ಥನೆ ಮುಂದುವರಿಸಿ ಎಂದು ಫೋನಿಟ್ಟರು.

ಪಾಸ್ಟರ್ ತಲೆಯ ಮೇಲೆ ಕೈಹೊತ್ತು ಕೂತ. ಅವತ್ತಿನ ಪ್ರಸಂಗಕ್ಕೆ ಅವನು ಆರಿಸಿಕೊಂಡಿದ್ದು ಯೇಸುವಿನ ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದ ಕಥೆಯನ್ನೇ. ಈಗ ಅದನ್ನು ಹೇಳಲು ಬಾಯಿ ಬರಲಿಲ್ಲ.

ಕಿಂಡಿಯಲ್ಲಿ ನರ್ಸಿನ ಕಣ್ಣು ಕಾಣಿಸಿತು. "ಪಾಸ್ಟರ್, ನಂದೇನಾಯ್ತು?"

"ಮುಂದಿನ ವಾರ ಇಟ್ಕೊಳ್ಳೋಣಮ್ಮ."

"ಮುಂದಿನ ವಾರ ಆಗಲ್ಲ. ಇವತ್ತು ಧೈರ್ಯ ಬಂದಿದೆ, ಮುಂದಿನ ವಾರ ಇರುತ್ತೋ ಇಲ್ವೋ. ಮಧ್ಯಾಹ್ನ ಡ್ಯೂಟಿ ಬೇರೆ ಇದೆ. ಇಲ್ಲೇ ಮಾಡಿ."

"ನಮ್ಮಲ್ಲಿ ಪೂರ್ತಿ ಮುಳುಗ್ಬೇಕಮ್ಮ. ಕಿಂಡಿಯಲ್ಲಿ ನಿಮ್ಮನ್ನ ಹೇಗೆ ಮುಳುಗಿಸ್ಲಿ?"

ಅಕ್ಕ ಎದ್ದು ಬಂದಳು. ಅವಳ ಕೈಚೀಲದಲ್ಲಿ ಕೂದಲಿಗೆ ನೀರು ಚಿಮುಕಿಸುವ ಬಾಟಲಿ ಯಾವಾಗಲೂ ಇರುತ್ತಿತ್ತು. ತೊಟ್ಟಿಯ ನೀರನ್ನು ಅದಕ್ಕೆ ತುಂಬಿಸಿ ತಮ್ಮನ ಕೈಗಿಟ್ಟಳು.

"ಅಕ್ಕಾ, ಇದು ಕೂದಲಿಗೆ ಹೊಡೆಯೋದು!"

"ಅವಳ ತಲೇಲಿ ಕೂದಲೇ ಇರೋದು. ಹೊಡಿ."

ಪಾಸ್ಟರ್ ಸಭೆಯತ್ತ ನೋಡಿದ. ಹಿರಿಯರೆಂದರೆ ಲಾಕರ್ ಮಾವ ಒಬ್ಬರೇ. ಅವರು ಮುರಿದ ಕೀಲಿ ಹಿಡಿದು ನೆಲ ನೋಡುತ್ತಿದ್ದರು, ಆಕ್ಷೇಪಣೆ ಎತ್ತುವ ಸ್ಥಿತಿಯಲ್ಲಿರಲಿಲ್ಲ. ಪಾಸ್ಟರ್ ಕಿಂಡಿಗೆ ಬಾಟಲಿಯ ಮೂತಿ ತೂರಿಸಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಬಾರಿ ಒತ್ತಿದ. ಮೂರನೆಯದು ಅವಳ ಕಣ್ಣಿಗೆ ಹೋಯಿತು.

"ಏನಮ್ಮ, ಇದೀರಾ?" ಎಂದು ಪಾಸ್ಟರ್ ಕಿಂಡಿಗೆ ಕಣ್ಣು ಹಚ್ಚಿದ. ನರ್ಸ್ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಒದ್ದೆಯಾಗಿದ್ದದ್ದು ಹಣೆ, ಒಂದು ಹುಬ್ಬು, ಅಷ್ಟೇ. ಆಮೇಲೆ ಎದ್ದು ಹೋಗಿ ಅಂಗಡಿಯಿಂದ ಬ್ರೆಡ್ಡು ತಂದು, ಕಿಂಡಿಯಲ್ಲಿ ಒಂದೊಂದೇ ತುಂಡು ತೂರಿಸಿ ಎಲ್ಲರಿಗೂ ಕೊಟ್ಟು ಡ್ಯೂಟಿಗೆ ಹೋದಳು.

ಹೊಟ್ಟೆಗೆ ಬಿದ್ದ ಮೇಲೆ ಜನಕ್ಕೆ ಅನುಮಾನ ಪಡಲು ಪುರಸೊತ್ತಾಯಿತು. ಚೀಲದವನು ಮೂಲೆಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಸುತ್ತಲಿನ ಕುರ್ಚಿಗಳು ಒಂದೊಂದಾಗಿ ದೂರ ಸರಿದವು. ಟೀಚರಮ್ಮ ಪಿಸುಗುಟ್ಟಿದರು: "ಕಲ್ಲಿರಬಹುದು." ಪಕ್ಕದವರು ಅದಕ್ಕಿಂತ ದೊಡ್ಡದೇನೋ ಇರಬಹುದೆಂದರು. ಕಲ್ಲೆಸೆದವನಿಗೆ ಹೆದರಿ ಬಾಗಿಲು ಹಾಕಿಕೊಂಡವರು ಈಗ ಅವನ ಜತೆಯಲ್ಲೇ ಒಳಗಿದ್ದೇವೆ ಎಂದು ಬೆವರತೊಡಗಿದರು.

ಅಕ್ಕನಿಗೆ ಈ ಪಿಸುಪಿಸು ಕೇಳಿ ತಲೆ ಕೆಟ್ಟಿತು. ನೇರವಾಗಿ ಹೋಗಿ ಅವನ ಮುಂದೆ ನಿಂತಳು.

"ಅಣ್ಣಾ, ಚೀಲದಲ್ಲೇನಿದೆ? ಇವರೆಲ್ಲ ಬಾಂಬು ಅಂತಿದ್ದಾರೆ."

ಆತ ನಾಚಿಕೊಂಡು ಚೀಲ ಬಿಚ್ಚಿದ. ಕೊಳೆ ಅಂಗಿಗಳು, ಒಂದು ಪ್ಯಾಂಟು, ಕಾಲುಚೀಲಗಳು.

"ಕೆಳಗೆ ಒಗೆಸೋಕೆ ಬಂದಿದ್ದೆ," ಎಂದ. "ನಾಳೆ ಒಂದು ಕಡೆ ಕೆಲಸಕ್ಕೆ ಕರೆದಿದ್ದಾರೆ. ಲಾಂಡ್ರಿ ಮುಚ್ಚಿತ್ತು. ಮೇಲೆ ಬಂದು ಯಾವಾಗ ತೆಗೀತಾರೆ ಅಂತ ಕೇಳೋಣ ಅಂದ್ಕೊಂಡೆ."

"ಮತ್ತೆ ಬಾಗಿಲಲ್ಲೇ ಹೇಳೋದಲ್ವಾ? ಅಷ್ಟೊಂದು ಪ್ರಶ್ನೆಗೆ ಯಾಕೆ ನಿಂತ್ರಿ?"

ಆತ ಹೇಳಿದ: "ನಿಜ ಹೇಳ್ಬೇಕಂದ್ರೆ ಖುಷಿಯಾಯ್ತು ಮೇಡಂ. ಕಾರ್ಖಾನೆಯಿಂದ ತೆಗೆದಮೇಲೆ ನನ್ನನ್ನ ಯಾರೂ ಏನೂ ಕೇಳಿರ್ಲಿಲ್ಲ. ಎಲ್ಲಿರೋದು, ಏನು ಮಾಡ್ತೀಯ ಅಂತ... ಅವರು ಇನ್ನೂ ನಾಲ್ಕು ಪ್ರಶ್ನೆ ಕೇಳಿದ್ರೂ ಹೇಳ್ತಿದ್ದೆ."

ಟೀಚರಮ್ಮ ತಮ್ಮ ಕುರ್ಚಿಯನ್ನು ಸದ್ದಾಗದಂತೆ ಮೊದಲಿದ್ದ ಜಾಗಕ್ಕೆ ಎಳೆದುಕೊಂಡರು.

ಅಕ್ಕ ಅಂಗಿಗಳನ್ನು ಎತ್ತಿಕೊಂಡು ತೊಟ್ಟಿಯ ಕಡೆ ನಡೆದಳು. ಅವಳ ಉದ್ದೇಶ ಅರ್ಥವಾದ ಕೂಡಲೇ ಪಾಸ್ಟರ್ ಅಡ್ಡ ಬಂದ.

"ಅಕ್ಕಾ, ಬೇಡ. ಅದು ದೀಕ್ಷೆಯ ನೀರು!"

"ಆಕೆ ಬಾಟಲೀಲಿ ಮುಗಿಸ್ಕೊಂಡು ಹೋದ್ಳಲ್ಲ. ಇಷ್ಟು ನೀರನ್ನ ಏನು ಮಾಡ್ತೀಯ, ಸಂಜೆ ಚರಂಡಿಗೆ ಬಿಡ್ತೀಯ. ಕೊಳೆ ತೊಳೆಯೋಕೇ ತಾನೇ ತುಂಬಿಸಿದ್ದು?"

ಪಾಸ್ಟರ್ ಕೈತೊಳೆಯುವ ಸಾಬೂನು ಹುಡುಕಿ ತಂದುಕೊಟ್ಟ. ಆಮೇಲೆ ತೋಳು ಮಡಚಿ ಅವನೇ ಕಾಲರು ಉಜ್ಜಲು ಕೂತ. ಚೀಲದವನು ಅಯ್ಯೋ ಬೇಡ ಸಾರ್, ಬೇಡ ಸಾರ್ ಎನ್ನುತ್ತ ತೊಟ್ಟಿಯ ಸುತ್ತ ಸುತ್ತುತ್ತಿದ್ದ. ಟೀಚರಮ್ಮ ಹಿಂಡಿದರು. ಅಂಗಿಗಳು ಕಿಟಕಿಯ ಹೊಸ ಸರಳುಗಳ ಮೇಲೆ ಒಣಗಲು ಕೂತವು. ಸರಳಿನಿಂದ ಯಾರಿಗಾದರೂ ಉಪಯೋಗವಾದದ್ದು ಅವತ್ತೇ ಮೊದಲು.

ಅಷ್ಟು ಹೊತ್ತಿನಿಂದ ಒಬ್ಬರು ಮಾತ್ರ ಗೋಡೆ ಹಿಡಿದು ಕೂತಿದ್ದರು. ಲಾಕರ್ ಮಾವ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಅಕ್ಕನಿಗೆ ಮೊದಲು ಎದೆನೋವಿರಬಹುದೆಂದು ದಿಗಿಲಾಯಿತು. ಬಾಗಿ ಕೇಳಿದಾಗ ಮಾವ ಅವಳ ಕಿವಿಯಲ್ಲಿ ಒಂದೇ ಮಾತು ಹೇಳಿದರು. ವಯಸ್ಸಾದ ಗಂಡಸರಿಗೆ ಅದನ್ನು ಬಹಳ ಹೊತ್ತು ತಡೆಯಲಾಗುವುದಿಲ್ಲ.

ಅಕ್ಕ ಮೂಲೆಯಲ್ಲಿದ್ದ ನೆಲ ಒರೆಸುವ ಬಕೆಟ್ಟನ್ನು ತೆಗೆದುಕೊಂಡು ಹೋಗಿ ವೇದಿಕೆಯ ಪರದೆಯ ಹಿಂದಿಟ್ಟಳು. ಮಾವ ತಲೆ ಅಲ್ಲಾಡಿಸಿದರು. "ಆಗಲ್ಲಮ್ಮ. ಎಲ್ಲರಿಗೂ ಕೇಳಿಸುತ್ತೆ. ನಾನು ಹಿರಿಯ."

"ಹಾಗಾದ್ರೆ ಕೇಳಿಸ್ದೇ ಇರೋ ಹಾಗೆ ಮಾಡೋಣ," ಎಂದು ಅಕ್ಕ ಸಭೆಯತ್ತ ತಿರುಗಿದಳು. "ಎಲ್ಲರೂ ಏಳಿ. ಹಾಡು. ಜೋರಾಗಿ!"

ಯಾಕೆಂದು ಎಲ್ಲರಿಗೂ ತಿಳಿಯಿತು, ಯಾರೂ ಕೇಳಲಿಲ್ಲ. ಆ ಸಭೆ ಹುಟ್ಟಿದಾಗಿನಿಂದ ಅಷ್ಟು ಒಗ್ಗಟ್ಟಾಗಿ, ಅಷ್ಟು ಜೋರಾಗಿ ಹಾಡಿದ್ದಿಲ್ಲ. ಸ್ತೋತ್ರದ ನಾಲ್ಕೂ ಚರಣ ಮುಗಿದರೂ ಮಾವ ಹೊರಗೆ ಬರಲಿಲ್ಲ. ಮೊದಲಿನಿಂದ ಶುರುಮಾಡಿದರು. ಪದ ಗೊತ್ತಿಲ್ಲದ ಚೀಲದವನು ಬಾಯಿಗೆ ಬಂದದ್ದನ್ನು ಎತ್ತರದ ದನಿಯಲ್ಲಿ ಸೇರಿಸಿದ. ಆಮೇಲೆ ನಾಚಿಕೆ ಬಿಟ್ಟವರು ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬಂದರು. ಪ್ರತಿ ಸಲಕ್ಕೂ ಒಂದು ಹಾಡು. ಟೀಚರಮ್ಮ ಹೋಗುವ ಮೊದಲು ತಮಗೆ ಯಾವ ಹಾಡು ಬೇಕೆಂದು ಹೇಳಿ ಹೋದರು.

ಮೊದಲೇ ಹೊರಬಂದಿದ್ದ ಮಾವ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟರು. ಅವಮಾನಕ್ಕೆ ಅಳುತ್ತಿದ್ದಾರೆಂದು ಅಕ್ಕ ಏನೋ ತಮಾಷೆ ಮಾಡಹೋದಳು. ಅವರು ಕೈ ಅಡ್ಡ ಹಿಡಿದರು.

"ನಂಗೆ ಕಲ್ಲಿನ ಭಯ ಇಲ್ಲಮ್ಮ. ದಿನಾ ಮನೇಲಿ ಒಳಗಿಂದ ಚಿಲಕ ಹಾಕ್ಕೊಂಡು ಮಲಗ್ತೀನಲ್ಲ, ಹಾಗೇ ಹೋಗ್ಬಿಟ್ರೆ ಬಾಗಿಲು ತೆಗೆಯೋರು ಯಾರು ಅಂತ ಭಯ. ವಾಸನೆ ಬಂದಮೇಲೆ ತಾನೇ ಪಕ್ಕದ ಮನೆಯವ್ರಿಗೆ ಗೊತ್ತಾಗೋದು?"

"ಮತ್ತೆ ಇಲ್ಲೂ ಬಾಗಿಲು ತಂದು ಹಾಕಿದ್ರಲ್ಲ ಮಾವ!"

"ಏನ್ಮಾಡ್ಲಿ? ಭಯ ಆದಾಗ ನಂಗೆ ಗೊತ್ತಿರೋದು ಬೀಗ ಒಂದೇ."

ಯಾರೂ ನಗಲಿಲ್ಲ. ಆಗ ಪಾಸ್ಟರ್ ಎದ್ದು ನಿಂತ. ಕೈ ಇನ್ನೂ ಸಾಬೂನಿನ ನೊರೆಯಲ್ಲಿತ್ತು. ಪೀಠದ ಹತ್ತಿರ ಹೋಗಲಿಲ್ಲ, ಇದ್ದಲ್ಲಿಂದಲೇ ಮಾತಾಡಿದ. ಕಲ್ಲು ಬಿದ್ದ ದಿನದಿಂದ ತಾನು ರಾತ್ರಿ ಮಲಗುವ ಕೋಣೆಯ ಬಾಗಿಲಿಗೆ ಸ್ಟೂಲು ಒತ್ತಿಟ್ಟು, ಸ್ಟೂಲಿನ ಮೇಲೆ ಸ್ಟೀಲು ಪಾತ್ರೆಗಳನ್ನು ಜೋಡಿಸಿ ಮಲಗುತ್ತಿದ್ದೇನೆ ಎಂದ. ಧೈರ್ಯದ ಬಗ್ಗೆ ಬರೆದ ಪ್ರಸಂಗಗಳನ್ನೆಲ್ಲ ಆ ಕೋಣೆಯಲ್ಲೇ ಕೂತು ಬರೆದೆ ಎಂದ.

"ಮೊನ್ನೆ ನಾನು ನೀರು ಕೇಳೋಕೆ ಬಾಗಿಲು ತಳ್ಳಿದ್ದಕ್ಕೆ ಅಷ್ಟೂ ಪಾತ್ರೆ ಬಿತ್ತು," ಎಂದಳು ಅಕ್ಕ. "ಇವನು ಹಾಸಿಗೆ ಕೆಳಗಿದ್ದ."

ಈಗ ನಕ್ಕರು. ಪಾಸ್ಟರೂ ನಕ್ಕ, ಕಿವಿಯವರೆಗೂ ಕೆಂಪಾಗಿ. ಆಮೇಲೆ ಟೀಚರಮ್ಮ ತಮ್ಮ ಮಗಳಿಗೆ ಬಂದ ಕಾಯಿಲೆಯ ವಿಷಯ ಹೇಳಿದರು. ಇಷ್ಟು ವರ್ಷ ಒಂದೇ ಸಾಲಿನಲ್ಲಿ ಕೂತವರಿಗೂ ಅದು ತಿಳಿದಿರಲಿಲ್ಲ. ಚೀಲದವನು ನಾಳೆಯ ಕೆಲಸ ಸಿಗಲಾರದು ಎಂದ, ತನಗಿಂತ ಎಳೆಯರನ್ನೂ ಕರೆದಿದ್ದಾರಂತೆ. ಪಾಸ್ಟರ್ ಯಾರಿಗೂ ಬುದ್ಧಿಮಾತು ಹೇಳಲಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಎರಡೆರಡು ಮಾತಿನ ಪ್ರಾರ್ಥನೆ ಮಾಡಿದ, ಅಷ್ಟೇ. ಅಕ್ಕ ಆಕಳಿಸಲಿಲ್ಲ.

ಸಂಜೆ ಬಾಗಿಲಿನವನು ಬಂದು ಹೊರಗಿನಿಂದ ಬೀಗ ಕೊರೆಯತೊಡಗಿದಾಗ ಮಾವ ಮತ್ತೆ ಪರದೆಯ ಹಿಂದಿದ್ದರು. ಬಾಗಿಲು ತೆರೆದಾಗ ಅವನಿಗೆ ಕಂಡದ್ದು ಇದು: ಕಿಟಕಿಗಳ ತುಂಬ ಒದ್ದೆ ಅಂಗಿ, ಮೈಕಿನ ಕಂಬದ ಮೇಲೆ ಕಾಲುಚೀಲ, ಎಲ್ಲರೂ ಎದ್ದು ನಿಂತು ಕತ್ತಿನ ನರ ಉಬ್ಬುವಂತೆ ದೇವರನ್ನು ಹಾಡಿ ಹೊಗಳುತ್ತಿದ್ದಾರೆ. ಬಿಡುಗಡೆ ಆಯಿತೆಂದು ಯಾರೂ ಬಾಗಿಲ ಕಡೆ ಓಡಲಿಲ್ಲ. ಅವನು ಇಂಥ ಭಕ್ತಿಯನ್ನು ಎಲ್ಲೂ ಕಂಡಿರಲಿಲ್ಲ. ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತ. ಹಾಡು ಮುಗಿದು ಮಾವ ಪ್ಯಾಂಟಿನ ಗುಂಡಿ ಹಾಕುತ್ತ ಹೊರಬಂದ ಮೇಲೂ ಅವನಿಗೆ ಯಾರೂ ವಿಷಯ ಬಿಡಿಸಿ ಹೇಳಲಿಲ್ಲ.

ಹೊಸ ಬೀಗ ಬೇಡ, ಒಂದು ಸಾದಾ ಚಿಲಕ ಸಾಕು ಎಂದು ಸಭೆ ತೀರ್ಮಾನಿಸಿತು. ಭಯ ಹೋಯಿತೆಂದಲ್ಲ. ಕೆಲವು ವಾರಗಳ ಮೇಲೆ, ಪ್ರಸಂಗದ ನಡುವೆಯೇ ಇನ್ನೊಂದು ಕಲ್ಲು ಬಂತು. ಗಾಜು ಒಡೆಯಿತು, ಕಲ್ಲು ಸರಳಿಗೆ ತಾಗಿ ಆಚೆಗೇ ಬಿತ್ತು. ಪಾಸ್ಟರ್ ಮೈಕಿನಲ್ಲೇ, "ನಂಗೆ ಭಯ ಆಗ್ತಿದೆ, ಯಾರಾದ್ರೂ ಸ್ವಲ್ಪ ಹತ್ರ ಬನ್ನಿ," ಎಂದ. ಜನ ಕುರ್ಚಿ ಎತ್ತಿಕೊಂಡು ಮುಂದೆ ಬಂದು ಕೂತರು. ಅಕ್ಕ ಗಾಜು ಗುಡಿಸಿದಳು. ಇಬ್ಬರು ಕೆಳಗಿಳಿದು ಬೀದಿ ನೋಡಿ ಬಂದರು, ಯಾರೂ ಇರಲಿಲ್ಲ. ಪೊಲೀಸರಿಗೆ ದೂರು ಕೊಟ್ಟರು. ಕಲ್ಲು ಯಾರದೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. ಎರಡು ಮನೆಯವರು ಆವತ್ತಿನಿಂದ ಬರುವುದನ್ನು ಬಿಟ್ಟರು. ಅವರನ್ನು ಯಾರೂ ಬೈಯಲಿಲ್ಲ. ಪಾಸ್ಟರ್ ಹೋಗಿ ಮಾತಾಡಿಸಿಕೊಂಡು ಬಂದ.

ಚೀಲದವನಿಗೆ ಆ ಕೆಲಸ ಸಿಗಲಿಲ್ಲ. ಅಂಗಿ ಚೆನ್ನಾಗಿತ್ತು ಅಂದರಂತೆ. ನರ್ಸ್ ಹೇಳಿ ಆಸ್ಪತ್ರೆಯ ಉಗ್ರಾಣದಲ್ಲಿ ಒಂದು ತಾತ್ಕಾಲಿಕ ಕೆಲಸ ಕೊಡಿಸಿದಳು. ಅವನು ದೀಕ್ಷೆ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುತ್ತೇನೆಂದೂ ಹೇಳಿಲ್ಲ, ಆದರೆ ಭಾನುವಾರ ತಪ್ಪಿಸುವುದಿಲ್ಲ. ಲಾಕರ್ ಮಾವನ ಮನೆಯ ಚಿಲಕ ತೆಗೆಸಿ, ಹೊರಗಿನಿಂದಲೂ ತೆಗೆಯಬಹುದಾದ ಬೀಗ ಹಾಕಿಸಿ, ಅದರ ಕೀಲಿಗಳನ್ನು ಸಭೆಯ ಮೂರ್ನಾಲ್ಕು ಜನ ಇಟ್ಟುಕೊಂಡರು. ಬೆಳಗ್ಗೆ ಸರದಿಯ ಮೇಲೆ ಯಾರಾದರೂ ಅವರಿಗೆ ಫೋನು ಮಾಡುತ್ತಾರೆ. "ಸತ್ತಿಲ್ಲ, ಇಡು," ಎನ್ನುತ್ತಾರೆ ಮಾವ. ಹಾಗೆ ಬೈದರೂ ಫೋನು ಸ್ವಲ್ಪ ತಡವಾದರೆ ಅವರೇ ಮಾಡಿ ಯಾಕೆ ಮಾಡಲಿಲ್ಲವೆಂದು ಕೇಳುತ್ತಾರೆ.

ಜನ ಹತ್ತಿರವಾದಂತೆ ಜಗಳವೂ ಹತ್ತಿರ ಬಂತು. ಹಿಂದೆ ಒಬ್ಬರಿಗೊಬ್ಬರು ಸ್ತೋತ್ರ, ಸ್ತೋತ್ರ ಎಂದು ಕೈಮುಗಿದು ಜಾರಿಕೊಳ್ಳುತ್ತಿದ್ದವರು ಈಗ ಎಲ್ಲದಕ್ಕೂ ತಕರಾರು ತೆಗೆಯತೊಡಗಿದರು. ಟೀಚರಮ್ಮನಿಗೆ ಫ್ಯಾನು ಬೇಕು, ಮಾವನಿಗೆ ಫ್ಯಾನು ಬೇಡ. ಒಬ್ಬರು ಹಾಕುವುದು, ಇನ್ನೊಬ್ಬರು ಆರಿಸುವುದು. ಪಾಸ್ಟರ್ ರಾಜಿ ಮಾಡಿಸಹೋಗಿ ಇಬ್ಬರಿಂದಲೂ ಬೈಸಿಕೊಂಡ.

"ಅಕ್ಕಾ, ಮೊದಲೇ ಚೆನ್ನಾಗಿತ್ತು," ಎಂದ ಮನೆಗೆ ಬಂದು. "ಎಲ್ಲರೂ ಎಷ್ಟು ಮರ್ಯಾದೆಯಿಂದ ಇದ್ರು."

"ಮರ್ಯಾದೆಯಿಂದ ಇದ್ದಿದ್ದಲ್ಲ ಕಣೋ, ಒಬ್ಬರಿಗೊಬ್ಬರ ಗುರುತಿರ್ಲಿಲ್ಲ," ಎಂದಳು ಅಕ್ಕ, ಪಾತ್ರೆ ಉಜ್ಜುತ್ತ.

ಮುಂದಿನ ಬುಧವಾರದ ಪ್ರಾರ್ಥನೆಗೆ ಇಬ್ಬರೂ ಬಂದರು. ಟೀಚರಮ್ಮ ಈ ತುದಿ, ಮಾವ ಆ ತುದಿ, ಫ್ಯಾನು ನಡುವೆ, ಯಾರ ಪರವೂ ಅಲ್ಲದ ನಿಧಾನದ ವೇಗದಲ್ಲಿ. ಯಾರಿಗಾದರೂ ಪ್ರಾರ್ಥಿಸಬೇಕೆನಿಸಿದರೆ ಬಾಯಿಬಿಟ್ಟು ಪ್ರಾರ್ಥಿಸಿ ಎಂದ ಪಾಸ್ಟರ್. ಟೀಚರಮ್ಮ ಕಣ್ಣು ಮುಚ್ಚಿ, ಕರ್ತನೇ, ಈ ಸಭೆಯ ಹಿರಿಯರಿಗೆ ಸ್ವಲ್ಪ ಬುದ್ಧಿ ಕೊಡು ಎಂದು ಶುರುಮಾಡಿದರು. ಅವರು ಆಮೆನ್ ಎನ್ನುವ ತನಕ ಕಾದು ಮಾವ ಗಂಟಲು ಸರಿಮಾಡಿಕೊಂಡರು. ಕರ್ತನೇ, ಟೀಚರಮ್ಮನ ಮಗಳಿಗೆ ನಾಳೆ ಆಪರೇಷನ್ ಇದೆ, ಡಾಕ್ಟರ ಕೈ ನಡುಗದ ಹಾಗೆ ನೋಡ್ಕೋ, ಎಂದರು. ಅದು ಮುಗೀಲಿ, ಆಮೇಲೆ ಫ್ಯಾನಿನ ವಿಷಯ ಮಾತಾಡೋಣ, ಎಂದು ಸೇರಿಸಿದರು.